ಖಾಲಿ ಹುದ್ದೆ ಖಾಲಿ ಇರುವುದಿಲ್ಲ

ಚೆನ್ನೈನ ಹಳೆಯ ಕೇಂದ್ರ ಕಾರಾಗೃಹ ಈಗಿಲ್ಲ. ಸೆಂಟ್ರಲ್ ರೈಲು ನಿಲ್ದಾಣದ ಹತ್ತಿರ 1837ರಲ್ಲಿ ಕಟ್ಟಿದ ಆ ಜೈಲಿನ ಕೈದಿಗಳನ್ನು 2006ರಲ್ಲಿ ಊರಾಚೆಯ ಪುಳಲ್‌ಗೆ ಸಾಗಿಸಿದರು. ಕಟ್ಟಡವನ್ನು 2009ರಲ್ಲಿ ಕೆಡವಿದರು. ಆದರೆ ಅಲ್ಲಿ ಒಂದು ದಿನ ನಡೆದದ್ದನ್ನು ಕಟ್ಟಡದ ಜೊತೆ ಮಣ್ಣು ಮಾಡುವಂತಿಲ್ಲ.

1999ರ ನವೆಂಬರ್ 17. ‘ಬಾಕ್ಸರ್’ ವಡಿವೇಲು ಎಂಬ ಕೈದಿ ಆಸ್ಪತ್ರೆಯಲ್ಲಿ ತೀರಿಕೊಂಡ. ಜೈಲಿನವರೇ ಹೊಡೆದು ಕೊಂದರೆಂಬ ಸುದ್ದಿ ಒಳಗೆ ಹಬ್ಬಿತು. ಕೈದಿಗಳು ದಂಗೆ ಎದ್ದರು. ಡೆಪ್ಯುಟಿ ಜೈಲರ್ ಜಯಕುಮಾರ್ ಅವರನ್ನು ಬೆಂಕಿ ಹಚ್ಚಿ ಕೊಂದರು. ಪೊಲೀಸರು ಗುಂಡು ಹಾರಿಸಿದರು, ಕೈದಿಗಳೂ ಸತ್ತರು. ಒಂದೇ ಗೋಡೆಯ ಒಳಗೆ, ಒಂದೇ ದಿನ, ಖಾಕಿ ತೊಟ್ಟವರೂ ಸತ್ತರು, ಕೈದಿಯ ಬಟ್ಟೆ ತೊಟ್ಟವರೂ ಸತ್ತರು. ಜೈಲಿನ ಸುರಕ್ಷತೆಯನ್ನು ಇವರದ್ದು, ಅವರದ್ದು ಎಂದು ಪಾಲು ಮಾಡಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೂ ಪಾಲು ಮಾಡುವುದೇ ನಮ್ಮ ರೂಢಿ. ಕೈದಿ ಸತ್ತರೆ ಮಾನವ ಹಕ್ಕಿನ ಮಾತು, ವಾರ್ಡರ್ ಪೆಟ್ಟು ತಿಂದರೆ ಶಿಸ್ತಿನ ಮಾತು. ಎರಡರ ಬೇರಿನಲ್ಲೂ ಇರುವ ಒಂದು ಸಂಗತಿಯ ಬಗ್ಗೆ ಮಾತು ಕಡಿಮೆ: ಜೈಲಿನಲ್ಲಿ ಇರಬೇಕಾದಷ್ಟು ಸಿಬ್ಬಂದಿ ಇಲ್ಲ.

ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆಂದು 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. ಕೇಳಲು ಧಾರಾಳವೆನಿಸುತ್ತದೆ. ಆದರೆ ಜೈಲಿಗೆ ರಾತ್ರಿ ಬಾಗಿಲು ಹಾಕಿ ಮನೆಗೆ ಹೋಗುವ ಹಾಗಿಲ್ಲ. ಮೂರು ಪಾಳಿಗೆ ಹಂಚಿದರೆ ಯಾವುದೇ ಹೊತ್ತಿನಲ್ಲಿ 18 ಕೈದಿಗಳಿಗೆ ಒಬ್ಬ. ವಾರದ ರಜೆ, ಕಾಯಿಲೆ, ತರಬೇತಿ ಕಳೆದರೆ ಇನ್ನೂ ಕಡಿಮೆ. ಇದು ಎಲ್ಲ ಹುದ್ದೆ ತುಂಬಿದ್ದಾಗಿನ ಲೆಕ್ಕ. ದೇಶದ ಜೈಲುಗಳಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಸುಮಾರು ಶೇ 30ರಷ್ಟು ತುಂಬಿಯೇ ಇಲ್ಲ. ಸುಪ್ರೀಂ ಕೋರ್ಟ್ 2018ರಲ್ಲೇ ಈ ಕೊರತೆಯನ್ನು ಎತ್ತಿ ತೋರಿಸಿತು, ಜೈಲು ಸುಧಾರಣೆಗೆ ನ್ಯಾಯಮೂರ್ತಿ ಅಮಿತವ ರಾಯ್ ಅವರ ಸಮಿತಿಯನ್ನು ನೇಮಿಸಿತು.

ತಮಿಳುನಾಡಿನ ಉದಾಹರಣೆ ಇಲ್ಲಿ ಮುಖ್ಯ. ದೇಶದ ಜೈಲುಗಳು 2022ರ ಕೊನೆಗೆ ಶೇ 131ರಷ್ಟು ತುಂಬಿದ್ದವು. ತಮಿಳುನಾಡಿನಲ್ಲಿ ಒಟ್ಟಾರೆ ಇದ್ದದ್ದು ಜಾಗಕ್ಕಿಂತ ಕಡಿಮೆ ಕೈದಿಗಳು. ಪುಳಲ್ ಕೂಡ ಇಕ್ಕಟ್ಟಿನ ಹಳೆಯ ಕಟ್ಟಡವಲ್ಲ, ಇನ್ನೂರು ಎಕರೆಗೂ ಮಿಕ್ಕಿದ ಆವರಣ. ಹಾಗಿದ್ದೂ 2016ರ ಸೆಪ್ಟೆಂಬರಿನಲ್ಲಿ ಅಲ್ಲಿ ಒಬ್ಬ ವಿಚಾರಣಾಧೀನ ಕೈದಿ ಸತ್ತ. ವಿದ್ಯುತ್ ತಂತಿ ಕಚ್ಚಿ ಸತ್ತನೆಂದರು ಅಧಿಕಾರಿಗಳು, ಮನೆಯವರು ನಂಬಲಿಲ್ಲ. ಅಧಿಕಾರಿಗಳ ಮಾತನ್ನೇ ಒಪ್ಪಿದರೂ ಪ್ರಶ್ನೆ ಉಳಿಯುತ್ತದೆ: ಇಡೀ ರಾಜ್ಯದ ಕಣ್ಣಿದ್ದ ಕೈದಿ ತಂತಿಗೆ ಬಾಯಿ ಹಾಕುವಾಗ ಕಾಯುವವರು ಎಲ್ಲಿದ್ದರು? ಗೋಡೆ, ಎಕರೆ, ಕ್ಯಾಮೆರಾ ಇದಕ್ಕೆ ಉತ್ತರ ಕೊಡುವುದಿಲ್ಲ. ಕ್ಯಾಮೆರಾ ನೋಡುತ್ತದೆ, ಓಡಿ ಹೋಗಿ ಕೈ ಹಿಡಿಯುವುದಿಲ್ಲ.

‘ಖಾಲಿ ಹುದ್ದೆ’ ಎಂಬ ಮಾತೇ ದಾರಿ ತಪ್ಪಿಸುವಂಥದ್ದು. ಶಾಲೆಯಲ್ಲಿ ಮೇಷ್ಟರ ಹುದ್ದೆ ಖಾಲಿಯಾದರೆ ಪಾಠ ನಿಲ್ಲುತ್ತದೆ. ಜೈಲಿನಲ್ಲಿ ಅಧಿಕಾರ ನಿಲ್ಲುವುದಿಲ್ಲ, ಕೈ ಬದಲಾಗುತ್ತದೆ. ವಾರ್ಡರ್ ಇಲ್ಲದ ಬ್ಲಾಕಿನಲ್ಲಿ ಯಾರು ಎಲ್ಲಿ ಮಲಗಬೇಕು, ಯಾರಿಗೆ ಫೋನು, ಯಾರಿಗೆ ಬೀಡಿ ಎಂಬುದನ್ನು ಬಲಿಷ್ಠ ಕೈದಿ ತೀರ್ಮಾನಿಸುತ್ತಾನೆ. 2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರದಿಂದ ಹೊರಬಿದ್ದ ನಟ ದರ್ಶನ್ ಅವರ ಫೋಟೊವನ್ನು ಕನ್ನಡಿಗರು ಮರೆತಿಲ್ಲ. ಕುರ್ಚಿ, ಸಿಗರೇಟು, ಪಕ್ಕದಲ್ಲಿ ರೌಡಿ. ಅದಕ್ಕೆ ಸಿಬ್ಬಂದಿ ಕೊರತೆಯೊಂದೇ ಕಾರಣವಲ್ಲ, ಲಂಚವೂ ಪ್ರಭಾವವೂ ಇರುತ್ತವೆ. ಆದರೆ ನೂರಾರು ಜನರ ನಡುವೆ ಒಂಟಿಯಾಗಿ ನಿಂತ ವಾರ್ಡರ್‌ಗೆ ರೌಡಿಯ ಜೊತೆ ರಾಜಿಯಾಗುವುದು ಆಸೆಯಷ್ಟೇ ಅಲ್ಲ, ಬದುಕುಳಿಯುವ ದಾರಿಯೂ ಹೌದು.

ಇರುವವರನ್ನಾದರೂ ಕಾವಲಿಗೆ ಬಿಡುತ್ತಾರೆಯೇ? ಸಮವಸ್ತ್ರದ ಜೈಲು ಸಿಬ್ಬಂದಿಯನ್ನು ಅಧಿಕಾರಿಗಳ ಮನೆಗೆಲಸಕ್ಕೆ ದುಡಿಸುತ್ತಾರೆಂಬ ದೂರು 2024ರಲ್ಲಿ ಮದ್ರಾಸ್ ಹೈಕೋರ್ಟ್ ತನಕ ಹೋಯಿತು, ಕೋರ್ಟ್ ತನಿಖೆಗೆ ಆದೇಶಿಸಿತು. ಅದೇ ವರ್ಷ ವೆಲ್ಲೂರಿನಲ್ಲಿ ಜೀವಾವಧಿ ಕೈದಿಯೊಬ್ಬನನ್ನು ಅಧಿಕಾರಿಯ ಮನೆಗೆಲಸಕ್ಕೆ ಇಟ್ಟುಕೊಂಡು ಹಿಂಸಿಸಿದ ಆರೋಪದ ಮೇಲೆ ಜೈಲು ಅಧಿಕಾರಿಗಳ ಮೇಲೆಯೇ ಪ್ರಕರಣ ದಾಖಲಾಯಿತು. ಒಬ್ಬ ವಾರ್ಡರ್ ಸಾಹೇಬರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರೆ ಅವನ ಪಾಳಿಯ ಭಾರ ಜೈಲಿನಲ್ಲಿ ಉಳಿದವನ ಹೆಗಲಿಗೆ ಬೀಳುತ್ತದೆ.

ಹೆಚ್ಚು ವಾರ್ಡರ್ ಎಂದರೆ ಹೆಚ್ಚು ಲಾಠಿ ಎಂಬ ಆಕ್ಷೇಪ ಇದೆ. ವೆಲ್ಲೂರಿನ ಪ್ರಕರಣ ನೋಡಿದರೆ ಅದನ್ನು ತಳ್ಳಿಹಾಕಲಾಗದು. ಹಾಗಾಗಿ ನೇಮಕದ ಜೊತೆಗೆ ಹೊರಗಿನವರ ಭೇಟಿ, ತಪಾಸಣೆ ಬಿಗಿಯಾಗಬೇಕು. ಆದರೆ ಸಿಬ್ಬಂದಿ ಕಡಿಮೆಯಾದಷ್ಟೂ ಲಾಠಿ ಕಡಿಮೆಯಾಗುವುದಿಲ್ಲ. ಹದಿನೆಂಟು ಜನರನ್ನು ಮಾತಿನಲ್ಲಿ ನಿಭಾಯಿಸಬಲ್ಲವನು ನೂರು ಜನರೆದುರು ನಿಂತಾಗ ಮೊದಲು ಹುಡುಕುವುದೇ ಲಾಠಿಯನ್ನು.

ಕೈದಿಗಳ ಸಂಖ್ಯೆ ಇಳಿಸುವುದು ಇನ್ನೊಂದು ದಾರಿ. ದೇಶದ ಕೈದಿಗಳಲ್ಲಿ ನಾಲ್ಕರಲ್ಲಿ ಮೂವರು ಇನ್ನೂ ವಿಚಾರಣಾಧೀನರು. ಮುನ್ನೆಚ್ಚರಿಕೆಯ ಬಂಧನದಲ್ಲಿ ತಮಿಳುನಾಡು ವರ್ಷಗಳಿಂದ ಮುಂದಿದೆ. ಇದೂ ಆಗಲಿ. ಆದರೆ ಅದು ಕೋರ್ಟು, ಕಾನೂನು, ಪೊಲೀಸರು ಸೇರಿ ಮಾಡಬೇಕಾದ, ವರ್ಷಗಟ್ಟಲೆ ಹಿಡಿಯುವ ಕೆಲಸ. ಮಂಜೂರಾದ ಹುದ್ದೆ ತುಂಬಲು, ಮನೆಗೆಲಸದಲ್ಲಿರುವವರನ್ನು ಪಾಳಿಗೆ ಕರೆಸಲು ಸರ್ಕಾರದ ಆದೇಶ ಸಾಕು, ಹೊಸ ಕಾನೂನು ಬೇಡ.

ಹುದ್ದೆ ತುಂಬದೆ ಉಳಿಸಿದ ಸಂಬಳ ಬಜೆಟ್ಟಿನಲ್ಲಿ ಉಳಿತಾಯವಾಗಿ ಕಾಣುತ್ತದೆ. ಆ ದುಡ್ಡನ್ನು ಬೇರೆ ಯಾರೋ ತೆರುತ್ತಿರುತ್ತಾರೆ: ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುವ ವಾರ್ಡರ್, ಅವನ ಕಣ್ಣಿಗೆ ಬೀಳದ ಮೂಲೆಯಲ್ಲಿ ಮಲಗಿರುವ, ಇನ್ನೂ ಅಪರಾಧ ಸಾಬೀತಾಗದ ಹುಡುಗ. 1999ರಲ್ಲಿ ಸತ್ತವರ ಲೆಕ್ಕದಲ್ಲಿ ಈ ಎರಡೂ ಕಡೆಯವರಿದ್ದರು.