ಸಭೆಯವರೆಂದರೆ ಯಾರು?

ನಮ್ಮ ಕಡೆಗೆ ಹೊಸಬರು ಯಾರೇ ಬರಲಿ, ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. ‘ಯಾವೂರು?’ ಎಂಬುದು ಮೊದಲನೆಯದು, ‘ಯಾರ ಪೈಕಿ?’ ಎಂಬುದು ಎರಡನೆಯದು. ಈ ಎರಡಕ್ಕೂ ಒಂದೇ ಮಾತಿನಲ್ಲಿ ಉತ್ತರ ಹೇಳಬಲ್ಲವರು ಮಿಶನ್ ಕಂಪೌಂಡಿನ ಜನರು. ‘ನಾವು ಕಂಪೌಂಡಿನವರು’ ಎಂದರೆ ಸಾಕು, ಓಣಿಯೂ ತಿಳಿಯಿತು, ಮತವೂ ತಿಳಿಯಿತು. ಆದರೆ ಅದೇ ದೇವರನ್ನು ಪ್ರಾರ್ಥಿಸುತ್ತ, ಅದೇ ದೀಕ್ಷಾಸ್ನಾನವನ್ನು ಹೊಂದಿ, ಇಲಕಲ್ಲಿನ ಬಾಡಿಗೆ ಮನೆಯಲ್ಲಿಯೋ ಹುನಗುಂದದ ಕಡೆಯ ಹಳ್ಳಿಯಲ್ಲಿಯೋ ಇರುವ ಕ್ರೈಸ್ತನು ಏನು ಹೇಳಬೇಕು? ಅವನು ಸಭೆಯವನು ಹೌದೋ ಅಲ್ಲವೋ? ಉಳಿದ ದಿನಗಳಲ್ಲಿ ಇದು ಸಣ್ಣ ಪ್ರಶ್ನೆಯಾಗಿ ತೋರಬಹುದು. ಮದುವೆಯ ದಿನ, ಮಣ್ಣಿನ ದಿನ ಅದು ಸಣ್ಣದಾಗಿ ಉಳಿಯುವದಿಲ್ಲ.

ನಮ್ಮ ಕಾಲೇಜಿನ ಮಿತ್ರರಲ್ಲಿ ಅನೇಕರಿಗೆ ಕಂಪೌಂಡು ಎಂದರೆ ಒಂದು ಹಳೆಯ ಚರ್ಚು, ನಾಲ್ಕು ಬೇವಿನ ಗಿಡ, ಒಂದು ಸಾಲು ಮನೆ. ಅದು ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು. ಸ್ವಿಟ್ಝರ್ಲಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿನ ಬೋಧಕರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿ 1851ರಲ್ಲಿ ಗುಳೇದಗುಡ್ಡವನ್ನು ಮುಟ್ಟಿದರು. ಅಂದು ಬಾದಾಮಿ ತಾಲೂಕಿಗೆ ಸೇರಿದ್ದ ಗುಳೇದಗುಡ್ಡ ನೇಕಾರರ ಊರು. ಅದರ ಖಣವನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಅಲ್ಲಿ ಒಬ್ಬ ನೇಕಾರನು ಕ್ರೈಸ್ತನಾದನೆಂದರೆ ಏನಾಗುತ್ತಿದ್ದಿತು? ಪಂಕ್ತಿ ತಪ್ಪುತ್ತಿದ್ದಿತು, ಬಾವಿ ತಪ್ಪುತ್ತಿದ್ದಿತು, ನೂಲು ಕೊಡುವ ಸಾಹುಕಾರನು ತಪ್ಪುತ್ತಿದ್ದನು. ಅಂಥವನಿಗೆ ‘ವಿಶ್ವಾಸದಿಂದಿರು’ ಎಂದು ಉಪದೇಶ ಮಾಡಿ ಸುಮ್ಮನಿದ್ದರೆ ಅವನ ಮಕ್ಕಳ ಹೊಟ್ಟೆ ತುಂಬುತ್ತಿರಲಿಲ್ಲ. ಆದುದರಿಂದ ಮನೆ ಬೇಕಾಯಿತು, ಮಗ್ಗ ಬೇಕಾಯಿತು. ಮಂಗಳೂರಿನಲ್ಲಿ ಮಿಶನ್ನಿನವರು ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದುದರ ಮೂಲ ಇದರಲ್ಲಿಯೇ ಇದೆ. ಕಂಪೌಂಡಿನ ಗೋಡೆಯನ್ನು ಇಂದು ಹಳಿಯುವವರು ಈ ಮಾತನ್ನು ಮರೆಯಬಾರದು. ಅಕ್ಷರವೇ ಕಾಣದ ಮನೆತನಗಳ ಹುಡುಗಿಯರು ಆ ಗೋಡೆಯೊಳಗೆ ಪುಸ್ತಕ ಹಿಡಿದರು.

ಆದರೆ ಅದೇ ಗೋಡೆ ಇನ್ನೊಂದು ಕೆಲಸವನ್ನೂ ಮಾಡಿತು. ಬೋಧಕನೂ ಅವನೇ, ಮನೆಯ ಒಡೆಯನೂ ಅವನೇ, ಕೆಲಸ ಕೊಡುವವನೂ ಅವನೇ ಆದಾಗ, ಸಭೆಯ ಸದಸ್ಯತ್ವವೂ ಮನೆಯ ಬಾಡಿಗೆಯೂ ದಿನದ ಕೂಲಿಯೂ ಒಂದೇ ಗಂಟಿನಲ್ಲಿ ಬಿದ್ದವು. ಸಭೆಯಿಂದ ಹೊರಗಾದವನಿಗೆ ಸೂರೂ ತಪ್ಪುವ ಭಯ. ಸೂರು ಇದ್ದವನು ಸಭೆಯವನೇ ಎಂಬ ಭ್ರಮೆ. 1914ರ ಯುದ್ಧದಲ್ಲಿ ಜರ್ಮನ್ ಬೋಧಕರು ಸೆರೆಯಾದರು. ಕೆಲವು ವರ್ಷಗಳಲ್ಲಿ ಕಾರ್ಖಾನೆಗಳು ಬೇರೊಂದು ಕಂಪನಿಯ ಕೈಸೇರಿದವು. ಗಂಟು ಆಗಲೇ ಬಿಚ್ಚಿತು. 1947ರಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪನೆಯಾಗಿ, ಮುಂದೆ ಧಾರವಾಡದಲ್ಲಿ ನಮ್ಮವರೇ ಬಿಶಪ್ಪರಾಗಿ ಕುಳಿತರು. ಆದರೂ ಗಂಟಿನ ಗುರುತು ಬಟ್ಟೆಯ ಮೇಲೆ ಉಳಿದುಕೊಂಡಿದೆ.

ಬರಿಯ ಸಹವಾಸದಿಂದ ಸಭೆಯಾಗುವದಿಲ್ಲವೆಂಬುದಕ್ಕೆ ಗದಗದ ಹತ್ತಿರದ ಮಲ್ಲಸಮುದ್ರವೇ ಸಾಕ್ಷಿ. ‘ನಮಗೆ ಭೂಮಿ ಕೊಡಿಸಿರಿ, ಒಟ್ಟಾಗಿ ಬಂದು ನೆಲೆಸುತ್ತೇವೆ’ ಎಂದು ಕಾಲಜ್ಞಾನ ಪಂಥದ ಜನರು ಮಿಶನ್ನಿನವರಿಗೆ ಆಸೆ ತೋರಿಸಿದ್ದರು. ಮುಂದೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್ ಸಾಹೇಬರೂ ಈ ಆಸೆಗೆ ಮನಸೋತರು. 1841ರಲ್ಲಿ ಭೂಮಿ ಪಡೆದು ವಸತಿಯನ್ನು ಆರಂಭಿಸಿದರು. ಬರುವೆವೆಂದವರಲ್ಲಿ ಬಹುಮಂದಿ ಬರಲೇ ಇಲ್ಲ! ಭೂಮಿ ಸಿದ್ಧವಿದ್ದಿತು, ಸಭೆ ಇರಲಿಲ್ಲ.

ಇದಕ್ಕೆ ವಿರುದ್ಧವಾದ ಸ್ಥಿತಿ ಇಂದು ನಮ್ಮದು. ಸಭೆ ಇದೆ, ಜನರು ಒಂದು ಕಡೆ ಇಲ್ಲ. ಪವರ್‌ಲೂಮು ಬಂದ ಮೇಲೆ ಕೈಮಗ್ಗದ ಕುಣಿಗಳು ಒಂದೊಂದಾಗಿ ಮುಚ್ಚಿದವು. ಬಾದಾಮಿ, ಹುನಗುಂದಗಳ ಕಡೆಯಿಂದ ಎಲ್ಲ ಜಾತಿಮತಗಳ ಜನರೂ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕ್ರೈಸ್ತರೂ ಹೋಗುತ್ತಾರೆ. ಕ್ರಿಸ್ತ ಜಯಂತಿಗೆ ಬರುತ್ತಾರೆ, ಸುಗ್ಗಿ ಹಬ್ಬಕ್ಕೆ ಬಂದರೆ ಬಂದರು. ಉಳಿದ ದಿನಗಳಲ್ಲಿ ಅವರು ಯಾರವರು?

ನಮ್ಮದು ಕಂಪೌಂಡಿನ ಹೊರಗಿನ ಮನೆತನ. ನಮ್ಮ ಸಂಬಂಧದಲ್ಲಿ ಒಬ್ಬರು ತೀರಿಕೊಂಡಾಗ, ಅವರ ಹೆಸರು ಸಭೆಯ ಯಾವ ಪುಸ್ತಕದಲ್ಲಿದೆ, ವರ್ಗಣಿ ಎಂದಿನಿಂದ ಬಾಕಿ ಎಂಬ ಚರ್ಚೆ ಒಂದೆಡೆ ಅರ್ಧ ದಿನ ನಡೆಯಿತು. ಹೆಣ ಅಂಗಳದಲ್ಲಿದ್ದಿತು. ನಮ್ಮ ಅಜ್ಜಿ ಕೇಳಿದ್ದು ಒಂದೇ ಮಾತು: “ಯೇಸುಸ್ವಾಮಿ ಏನ್ ಕಂಪೌಂಡಿನ್ಯಾಗ ಹುಟ್ಟಿದ್ನೇನೋ ಯಪ್ಪಾ?” ಉತ್ತರ ಹೇಳುವವರಿರಲಿಲ್ಲ.

ಕಂಪೌಂಡಿನವರ ಪರವಾಗಿಯೂ ಒಂದು ಮಾತುಂಟು, ಅದು ಸುಳ್ಳಲ್ಲ. ಭಾನುವಾರ ತಪ್ಪದೆ ಬರುವವರು ತಾವು. ಚರ್ಚಿನ ಮಾಡು ಸೋರಿದರೆ ಹಣ ಕೂಡಿಸುವವರು ತಾವು. ಕಾಯಿಲೆಯ ಮನೆಗೆ ಗಂಜಿ ಒಯ್ಯುವವರು ತಾವು. ಮದುವೆಗೂ ಮಣ್ಣಿಗೂ ಮಾತ್ರ ಮುಖ ತೋರಿಸುವವರಿಗೆ ಸಮಪಾಲು ಏಕೆ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ದೂರದಲ್ಲಿದ್ದೇನೆಂಬುದು ಹೊಣೆಯಿಂದ ನುಣುಚಿಕೊಳ್ಳಲು ಒಳ್ಳೆಯ ನೆಪವೂ ಆಗುತ್ತದೆ. ಆದರೆ ಈ ಪ್ರಶ್ನೆಯಿಂದ ಹೊರಡುವ ತೀರ್ಮಾನವೇನು? ಹೊಣೆ ಹೊತ್ತವನು ಸದಸ್ಯನು ಎಂದಷ್ಟೇ. ಗೋಡೆಯೊಳಗೆ ಇರುವವನು ಸದಸ್ಯನು ಎಂದಲ್ಲ. ಕಂಪೌಂಡಿನಲ್ಲಿ ಹುಟ್ಟಿ, ಚರ್ಚಿನ ಗಂಟೆ ಕಿವಿಗೆ ಬಡಿದರೂ ಏಳದವರು ಎಷ್ಟು ಮಂದಿಯಿಲ್ಲ!

ಚದುರಿದರೂ ಒಂದಾಗಿರುವದು ನಮ್ಮ ನಾಡಿಗೆ ಹೊಸದಲ್ಲ. ಇಲಕಲ್ಲಿನ ವಿಜಯ ಮಹಾಂತೇಶ ಮಠದ ಭಕ್ತರೆಲ್ಲ ಮಠದಲ್ಲಿ ವಾಸಿಸುವದಿಲ್ಲ. ಅವರನ್ನು ಮಠದವರಲ್ಲವೆಂದು ಯಾರೂ ಅನ್ನುವದಿಲ್ಲ. ಕಲ್ಯಾಣದಿಂದ ಚದುರಿದ ಶರಣರು ಶರಣರಾಗಿಯೇ ಉಳಿದರು. ದೂರವೇಕೆ, ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಬರಿದಾಗಿ ಜನರು ನವನಗರದ ಸೆಕ್ಟರುಗಳಿಗೆ ಹಂಚಿಹೋದರು. ಇಂದಿಗೂ ಅವರು ತಮ್ಮನ್ನು ಹಳೆಯ ಓಣಿಯ ಹೆಸರಿನಿಂದಲೇ ಹೇಳಿಕೊಳ್ಳುತ್ತಾರೆ. ಕ್ರೈಸ್ತರ ಗ್ರಂಥದಲ್ಲಿಯೂ ಹೀಗೆಯೇ: ‘ಅಪೊಸ್ತಲರ ಕೃತ್ಯಗಳು’ ಎಂಬ ಪುಸ್ತಕವು ಯೆರೂಸಲೇಮಿನ ಶಿಷ್ಯರು ಎಲ್ಲವನ್ನೂ ಹಂಚಿಕೊಂಡು ಬಾಳಿದ್ದನ್ನು ಹೇಳಿ, ಕೆಲವೇ ಅಧ್ಯಾಯಗಳ ಮುಂದೆ ಹಿಂಸೆಗೆ ಸಿಕ್ಕಿ ಅವರು ಊರೂರಿಗೆ ಚದುರಿದ್ದನ್ನೂ ಹೇಳುತ್ತದೆ. ಚದುರಿದವರ ಹೆಸರನ್ನು ಯಾರೂ ಹೊಡೆದುಹಾಕಲಿಲ್ಲ.

ಸ್ಕಾಟ್ಲಂಡಿನ ಐಯೋನಾ ದ್ವೀಪದ ಸಮಾಜವೊಂದರಿಂದ ನಾವು ಕಲಿಯತಕ್ಕದ್ದು ಇದೆ. 1938ರಲ್ಲಿ ಜಾರ್ಜ್ ಮ್ಯಾಕ್ಲಿಯೋಡ್ ಎಂಬ ಪಾದ್ರಿಯು ಕೆಲಸವಿಲ್ಲದ ಕುಶಲಕರ್ಮಿಗಳನ್ನೂ ಎಳೆಯ ಬೋಧಕರನ್ನೂ ಕೂಡಿಸಿಕೊಂಡು ಅಲ್ಲಿಯ ಹಾಳುಬಿದ್ದ ಮಠದ ಕಟ್ಟಡಗಳನ್ನು ಮತ್ತೆ ಕಟ್ಟಲಾರಂಭಿಸಿದನು. ಆ ಸಮಾಜದ ಸದಸ್ಯರಲ್ಲಿ ದ್ವೀಪದಲ್ಲಿ ವಾಸಿಸುವವರು ಕೆಲವರೇ. ಬಹುಜನರು ತಂತಮ್ಮ ಊರುಗಳಲ್ಲಿ ತಂತಮ್ಮ ಉದ್ಯೋಗಗಳಲ್ಲಿದ್ದಾರೆ. ಆದರೆ ಪ್ರಾರ್ಥನೆಯ ನೇಮವುಂಟು, ಆಗಾಗ ಸೇರುವ ಕಟ್ಟಳೆಯುಂಟು. ತನ್ನ ವೇಳೆಯನ್ನೂ ಹಣವನ್ನೂ ಹೇಗೆ ಬಳಸಿದೆನೆಂದು ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸಬೇಕು. ಈ ಕೊನೆಯ ನಿಯಮವನ್ನು ನಮ್ಮಲ್ಲಿ ತಂದರೆ ಒಳಗಿನವರೂ ಹೊರಗಿನವರೂ ಒಟ್ಟಿಗೆ ಗಾಬರಿಯಾದಾರು!

ಅಷ್ಟು ದೂರ ಹೋಗುವದು ಬೇಡ. ಇಲಕಲ್ಲಿನಲ್ಲಿ ಇರುವ ಮನೆಗಳವರು ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಲಿ. ಸಭಾಪಾಲಕರು ವರುಷಕ್ಕೆ ನಾಲ್ಕು ಸಲವಾದರೂ ಅಲ್ಲಿಗೆ ಬರಲಿ. ಗೋವೆಗೆ ಹೋದವನು ಎಲ್ಲಿದ್ದೇನೆಂದು ಹಿರಿಯರಿಗೆ ತಿಳಿಸುವ ಹೊಣೆ ಹೊರಲಿ, ಕೈಲಾದ ವರ್ಗಣಿ ಕಳಿಸಲಿ. ಹಾಗೆ ಮಾಡಿದವನಿಗೆ ಸಭೆಯ ಚುನಾವಣೆಯಲ್ಲಿ ಕೈಯೆತ್ತುವ ಹಕ್ಕು ಇರಲಿ. ಸಮಾಧಿಭೂಮಿಯ ಮಾತು ಬಂದಾಗ ಮಾತ್ರ ವರ್ಗಣಿಯನ್ನು ಯಾರೂ ಎತ್ತಬಾರದು. ಸತ್ತವನು ಬಾಕಿ ತೀರಿಸಲಾರ.

ಇದಕ್ಕೆಲ್ಲ ಮೊದಲು ಬೇಕಾದದ್ದು ಒಂದು ಪಟ್ಟಿ. ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಲಕಲ್ಲುಗಳ ಸುತ್ತಿನ ಹಳ್ಳಿಗಳಲ್ಲಿ ಎಷ್ಟು ಮನೆಗಳಿವೆ, ಯಾರು ಯಾವ ಊರಿಗೆ ದುಡಿಯಲು ಹೋಗಿದ್ದಾರೆ, ಮನೆಯಲ್ಲಿ ಒಂಟಿಯಾಗಿ ಉಳಿದ ಮುದುಕರು ಯಾರು, ಎಂಬುದನ್ನು ಬರೆದಿಟ್ಟ ಪುಸ್ತಕ. ಅದನ್ನು ಹಿರಿಯರೇ ಬರೆಯಬೇಕೆಂದಿಲ್ಲ. ಕಾಲೇಜಿಗೆ ಹೋಗುವ ನಾಲ್ಕು ಮಂದಿ ಹುಡುಗರು, ಹುಡುಗಿಯರು ದೀಪಾವಳಿಯ ಸೂಟಿಯಲ್ಲಿ ಬಸ್ಸು ಹಿಡಿದು ತಿರುಗಿದರೆ ಹದಿನೈದು ದಿನದ ಕೆಲಸ. ಹುನಗುಂದದ ಕಡೆಯ ಹಳ್ಳಿಗಳನ್ನು ನಾನು ನೋಡಿಕೊಳ್ಳುತ್ತೇನೆ.