ಅಲೆಗಳನ್ನು ಹಿಡಿಯುವ ಪೆಟ್ಟಿಗೆ

ಹಳೆಯ ನಾಣ್ಯಗಳನ್ನೂ ಗ್ರಾಮಫೋನ್ ತಟ್ಟೆಗಳನ್ನೂ ಕೂಡಿಡುವವರನ್ನು ಎಲ್ಲರೂ ಬಲ್ಲರು. ಆದರೆ ತಾನಾಗಿ ಒಂದು ಸ್ವರವನ್ನೂ ನುಡಿಯಲಾರದ ಪೆಟ್ಟಿಗೆಯನ್ನು ಹುಡುಕಿ ತಂದು ಜೋಪಾನ ಮಾಡುವವರೂ ಇದ್ದಾರೆಂದರೆ ವಾಚಕರಿಗೆ ಅಚ್ಚರಿಯಾದೀತು. ಅದರ ಹೆಸರು ಟ್ಯೂನರ್. ಆಕಾಶದಲ್ಲಿ ತೇಲಿಬರುವ ಅಸಂಖ್ಯ ಅಲೆಗಳಲ್ಲಿ ಒಂದನ್ನೇ ಆರಿಸಿ, ಅದರೊಳಗೆ ಅಡಗಿದ ಧ್ವನಿಯನ್ನು ಬಿಡಿಸಿ ಆಂಪ್ಲಿಫೈಯರಿಗೆ ಒಪ್ಪಿಸುವುದಷ್ಟೇ ಅದರ ಕಾಯಕ.

ಈ ಪೆಟ್ಟಿಗೆಯ ಹಿಂದೆ ಒಂದು ದುರಂತ ಕಥೆಯಿದೆ. ಮೊದಲಿನ ರೇಡಿಯೋ ಪದ್ಧತಿಯಲ್ಲಿ ಧ್ವನಿಗೆ ತಕ್ಕಂತೆ ಅಲೆಯ ಎತ್ತರ ಬದಲಾಗುತ್ತಿತ್ತು. ಸಿಡಿಲು ಮಿಂಚುಗಳು ಆ ಎತ್ತರವನ್ನೇ ಕೆಡಿಸುತ್ತಿದ್ದುದರಿಂದ ಹಾಡಿನೊಡನೆ ಗೊರಗೊರ ಸದ್ದೂ ಮನೆಯೊಳಗೆ ಬರುತ್ತಿತ್ತು. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎತ್ತರದ ಗೊಡವೆಯನ್ನೇ ಬಿಟ್ಟು, ಅಲೆಯ ಕಂಪನಸಂಖ್ಯೆಯನ್ನು ಬದಲಿಸುವ ಎಫ್.ಎಂ. ಪದ್ಧತಿಗೆ 1933ರಲ್ಲಿ ಪೇಟೆಂಟ್ ಪಡೆದನು. 1935ರ ಪ್ರದರ್ಶನದಲ್ಲಿ ಲೋಟಕ್ಕೆ ನೀರು ಸುರಿಯುವ ಸದ್ದನ್ನೂ ಕಾಗದ ಮುದುರುವ ಸದ್ದನ್ನೂ ವಿದ್ವಾಂಸರು ಸ್ಪಷ್ಟವಾಗಿ ಕೇಳಿದರು. ಆದರೆ 1945ರಲ್ಲಿ ಸರಕಾರವು ಎಫ್.ಎಂ. ಪಟ್ಟಿಯನ್ನೇ ಬೇರೆಡೆಗೆ ಸರಿಸಲು, ಜನರು ಕೊಂಡಿದ್ದ ಸೆಟ್ಟುಗಳು ನಿರುಪಯುಕ್ತವಾದವು. ಪೇಟೆಂಟ್ ವ್ಯಾಜ್ಯಗಳಲ್ಲಿ ಹಣವೂ ಆಯುಷ್ಯವೂ ಸವೆದು, 1954ರಲ್ಲಿ ಆತನು ಆತ್ಮಹತ್ಯೆ ಮಾಡಿಕೊಂಡನು. ಪತ್ನಿ ಮೇರಿಯನ್ ಹೋರಾಟವನ್ನು ಕೈಬಿಡಲಿಲ್ಲ. ಕೊನೆಯ ಮೊಕದ್ದಮೆ 1967ರಲ್ಲಿ ಆಕೆಯ ಪರವಾಗಿ ಮುಗಿಯಿತು.

ಅಷ್ಟರಲ್ಲಿ ಎಫ್.ಎಂ. ಗೆದ್ದಿತ್ತು. ರಿಚರ್ಡ್ ಸೆಕ್ವೆರಾ ಮತ್ತು ಸಿಡ್ನಿ ಸ್ಮಿತ್ ರೂಪಿಸಿದ ಮರಾಂಟ್ಸ್ 10ಬಿ ಟ್ಯೂನರಿನ ಮುಖದಲ್ಲಿ ಒಂದು ಪುಟ್ಟ ಆಸಿಲ್ಲೋಸ್ಕೋಪ್ ತೆರೆಯಿದ್ದಿತು. ಬರುವ ಅಲೆಯ ಗುಣದೋಷಗಳನ್ನು ಕಣ್ಣಿನಿಂದಲೇ ಕಾಣಬಹುದಾಗಿತ್ತು. ಅದನ್ನು ಸಿದ್ಧಪಡಿಸುವ ವೆಚ್ಚ ಮಿತಿಮೀರಿತು. 1964ರಲ್ಲಿ ಸಾಲ್ ಮರಾಂಟ್ಸ್ ತನ್ನ ಸಂಸ್ಥೆಯನ್ನೇ ಮಾರಬೇಕಾಯಿತು. ಸಂಗ್ರಾಹಕರು ಇಂದಿಗೂ ಆ ಯಂತ್ರವನ್ನು ಅರಸುತ್ತಾರೆ.

ಕೊಂಡ ಮಾತ್ರಕ್ಕೆ ಕೆಲಸ ಮುಗಿಯದು. ದಶಕಗಳಿಂದ ಮೂಲೆಯಲ್ಲಿದ್ದ ಪೆಟ್ಟಿಗೆಯ ಕೆಪಾಸಿಟರುಗಳು ಒಣಗಿರುತ್ತವೆ. ಒಮ್ಮೆಲೇ ವಿದ್ಯುತ್ತು ಕೊಟ್ಟರೆ ಸುಟ್ಟುಹೋದಾವು. ಮೊದಲು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಅಮೆರಿಕದ ಯಂತ್ರವಾದರೆ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಜಪಾನಿನ ಜನರಿಗಾಗಿಯೇ ಮಾಡಿದ ಹಳೆಯ ಟ್ಯೂನರಿನ ಪಟ್ಟಿ 76ರಿಂದ 90 ಮೆಗಾಹರ್ಟ್ಸ್ ಮಾತ್ರ. ಬೆಂಗಳೂರಿನ ಆಕಾಶವಾಣಿಯ 101.3 ಅದಕ್ಕೆ ನಿಲುಕದು. ಎಲ್ಲಕ್ಕೂ ಮಿಗಿಲಾದುದು ಏರಿಯಲ್. ಮಾಳಿಗೆಯ ಮೇಲೆ ಕಟ್ಟಿದ ಸುಮಾರು ಒಂದೂವರೆ ಮೀಟರಿನ ಸರಳ ಡೈಪೋಲ್ ಮಾಡುವ ಉಪಕಾರವನ್ನು ಎಷ್ಟೋ ವೇಳೆ ಬೆಲೆಬಾಳುವ ಯಂತ್ರವೂ ಮಾಡಲಾರದು.

ಭಾರತದಲ್ಲಿ ಎಫ್.ಎಂ. ಪ್ರಸಾರ 1977ರಲ್ಲಿ ಮದರಾಸಿನಲ್ಲಿ ಮೊದಲಾಯಿತು; ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ 2001ರಲ್ಲಿ ಬೆಂಗಳೂರಿನಲ್ಲಿ ನುಡಿಯಿತು. ಆದರೆ ನಾರ್ವೆಯ ರಾಷ್ಟ್ರೀಯ ನಿಲಯಗಳು 2017ರಲ್ಲಿ ಎಫ್.ಎಂ. ಅನ್ನು ತೊರೆದು ಡಿಜಿಟಲ್ ಪದ್ಧತಿಗೆ ಹೋದವು. ಸಂಗ್ರಾಹಕನ ನಿಜವಾದ ಅಳುಕು ಇದೇ. ಗ್ರಾಮಫೋನ್ ತಟ್ಟೆಯ ಹಾಡು ಮನೆಯಲ್ಲಿಯೇ ಉಳಿಯುತ್ತದೆ. ಟ್ಯೂನರಿನ ಹಾಡು ಮನೆಯದಲ್ಲ. ಅತ್ತ ಕಡೆ ಒಬ್ಬರು ನುಡಿಯುತ್ತಿರುವ ತನಕ ಮಾತ್ರ ಇತ್ತ ಕಡೆ ಅದಕ್ಕೆ ಜೀವ. ನಿಲಯ ಮೌನವಾದ ದಿನ, ಎಷ್ಟು ಒರೆಸಿ ಹೊಳಪಿಟ್ಟರೂ ಅದು ಬರಿಯ ಪೆಟ್ಟಿಗೆ. ಆದುದರಿಂದ ಅಟ್ಟದ ಮೇಲೆ ಅಂಥದೊಂದು ಇದ್ದರೆ, ಕೆಳಗಿಳಿಸಿ ಸರಿಪಡಿಸಿ ಕೇಳುವುದಕ್ಕೆ ಇದೇ ಸಕಾಲ.