ಮಣ್ಣಿನ ಋಣ ತೀರಿಸುವವರು ಯಾರು?

ನಮ್ಮ ಬಯಲುಸೀಮೆಯ ಕೆಂಪು ಮಣ್ಣಿನ ಹೊಲಗಳು ವರ್ಷದಿಂದ ವರ್ಷಕ್ಕೆ ಬಡವಾಗುತ್ತಿವೆ. ಇದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ದೋಷವನ್ನೆಲ್ಲ ರೈತನ ಅಜ್ಞಾನದ ಮೇಲೆ ಹೊರಿಸಿ ಉಪದೇಶ ಮಾಡುವವರ ಮಾತನ್ನು ನಾವು ಒಪ್ಪಲಾರೆವು.

ರೈತನಿಗೆ ತಿಳಿಯದಿರುವುದಾದರೂ ಏನು? ಇಳಿಜಾರಿಗೆ ಅಡ್ಡಲಾಗಿ ಉತ್ತರೆ ಸಾಲು ಸಾಲೂ ನೀರನ್ನು ತಡೆಯುತ್ತದೆ; ಇಳಿಜಾರಿನ ಉದ್ದಕ್ಕೆ ಉತ್ತರೆ ಅದೇ ಸಾಲು ಮೇಲ್ಮಣ್ಣನ್ನು ಹಳ್ಳಕ್ಕೆ ಸಾಗಿಸುವ ಕಾಲುವೆಯಾಗುತ್ತದೆ. ಒಂದು ಅಂಗುಲ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷ ಬೇಕು. ಕೊಚ್ಚಿಹೋಗಲು ಕೆಲವು ಬಿರುಮಳೆ ಸಾಕು. ಮಾಗಿ ಉಳುಮೆ ಮಾಡಿದ ಹೊಲ ಮುಂಗಾರಿನ ಮೊದಲ ಹನಿಗಳನ್ನು ಹೀರಿಕೊಳ್ಳುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆ, ತೊಗರಿ ತಮ್ಮ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಹೊಂಗೆ ಸೊಪ್ಪು, ಕೆರೆ ಗೋಡು, ಕುರಿ ಮಂದೆ, ತಿಪ್ಪೆ ಗೊಬ್ಬರ ಇವು ಯಾವುವೂ ನಮ್ಮ ಹಳ್ಳಿಗಳಿಗೆ ಹೊಸತಲ್ಲ.

ಹಾಗಾದರೆ ಅವು ಏಕೆ ನಿಂತುಹೋಗುತ್ತಿವೆ? ಕಾರಣ ಲೆಕ್ಕದಲ್ಲಿದೆ. ಮಳೆಯಾಶ್ರಿತ ರಾಗಿಗೆ ಎಕರೆಗೆ ಸುಮಾರು ಮೂರು ಟನ್ ಕೊಟ್ಟಿಗೆ ಗೊಬ್ಬರ ಬೇಕು. ಅದರ ಫಲ ಒಂದೇ ಬೆಳೆಯಲ್ಲಿ ಮುಗಿಯುವುದಿಲ್ಲ. ಮುಂದಿನ ಬೆಳೆಗಳಿಗೂ ಉಳಿಯುತ್ತದೆ. ಬದುವಿನ ಫಲವಂತೂ ಇನ್ನೂ ನಿಧಾನ. ಬಾಯಿಮಾತಿನ ಮೇಲೆ ಒಂದು ವರ್ಷಕ್ಕೆ ಹೊಲ ಹಿಡಿದವನು ಮುಂದಿನ ವರ್ಷ ಯಾರದೋ ಪಾಲಾಗುವ ಮಣ್ಣಿಗೆ ಗಾಡಿಗಟ್ಟಲೆ ಗೊಬ್ಬರ ಹೊಡೆಯುತ್ತಾನೆಯೇ? ಅವನಿಗೆ ಯೂರಿಯಾ ಇದೆ. ಅದು ಈ ಬೆಳೆಯಲ್ಲೇ ಹಸಿರು ತೋರಿಸುತ್ತದೆ. 2010ರಲ್ಲಿ ಇತರ ಗೊಬ್ಬರಗಳ ಸಬ್ಸಿಡಿ ನೀತಿ ಬದಲಾಗಿ ಅವುಗಳ ಬೆಲೆ ಏರಿತು. ಯೂರಿಯಾ ಮಾತ್ರ ಅಗ್ಗವಾಗಿಯೇ ಉಳಿಯಿತು. ತಿಪ್ಪೆ ಗೊಬ್ಬರಕ್ಕೆ ಅಂಥ ಆಸರೆಯೇ ಇಲ್ಲ. ಬಡವನು ಅಗ್ಗದ ಚೀಲಕ್ಕೆ ಕೈಹಾಕಿದರೆ ಅದು ಅಜ್ಞಾನವಲ್ಲ, ಸರ್ಕಾರವೇ ಹಾಕಿಕೊಟ್ಟ ದಾರಿ.

1951ರ ಕಾಗೋಡು ಸತ್ಯಾಗ್ರಹದಿಂದ ಮೊಳಗಿದ ಗೇಣಿದಾರರ ಕೂಗು ವ್ಯರ್ಥವಾಗಲಿಲ್ಲ. 1974ರ ತಿದ್ದುಪಡಿಯು ಗೇಣಿ ಪದ್ಧತಿಯನ್ನು ಕಾನೂನಿನಿಂದ ಅಳಿಸಿತು. ಆದರೆ ಕಾಗದದಿಂದ ಅಳಿದ ಗೇಣಿ ಇಂದು ಗುತ್ತಿಗೆ, ಕೋರು ಎಂಬ ಹೆಸರುಗಳಲ್ಲಿ ಬಾಯಿಮಾತಿನಲ್ಲಿ ಬದುಕಿದೆ. ಶುಂಠಿಗಾಗಿ ಹಣವಂತರು ಹೊಲ ಹಿಡಿದು, ಒಂದು ಬೆಳೆ ತೆಗೆದು, ಕೊಳೆರೋಗವನ್ನು ಮಣ್ಣಿನಲ್ಲೇ ಬಿಟ್ಟು ಮುಂದಿನ ಹೊಲಕ್ಕೆ ಹೋಗುವುದೂ ಇದರ ಮರೆಯಲ್ಲೇ. 2015ರಿಂದ ಮಣ್ಣು ಆರೋಗ್ಯ ಚೀಟಿ ಬಂದಿದೆ. ಅದರಲ್ಲಿ 12 ಅಂಶಗಳ ಪರೀಕ್ಷೆಯಿದೆ. ಒಳ್ಳೆಯದೇ. ಆದರೆ ಪಹಣಿಯಲ್ಲಿ ಹೆಸರಿಲ್ಲದವನು ಬರುವ ವರ್ಷ ತನ್ನದಲ್ಲದ ಹೊಲದ ಚೀಟಿ ಓದಿ ಮಾಡುವುದೇನು?

ಗೇಣಿ ಮರಳಿ ಬರಲೆಂದು ನಾವು ಹೇಳುತ್ತಿಲ್ಲ. ಹೊಲ ಕೊಟ್ಟವರೆಲ್ಲ ಜಮೀನ್ದಾರರೂ ಅಲ್ಲ; ಕೂಲಿಗಾಗಿ ಬೆಂಗಳೂರು ಸೇರಿದವರು, ಗಂಡನಿಲ್ಲದ ಹೆಣ್ಣುಮಕ್ಕಳು ಅವರಲ್ಲಿದ್ದಾರೆ. ಅವರ ಒಡೆತನಕ್ಕೆ ಧಕ್ಕೆ ತಾರದೆ ಸಣ್ಣ ಸಾಗುವಳಿದಾರನಿಗೆ ಕನಿಷ್ಠ ಐದು ವರ್ಷದ ಭರವಸೆ ಲಿಖಿತವಾಗಿ ದೊರೆಯಬೇಕು. ಅವನು ಹಾಕಿದ ಬದುವಿಗೂ ಗೊಬ್ಬರಕ್ಕೂ ಹೊಲ ಬಿಡುವಾಗ ಬೆಲೆ ಕಟ್ಟಿಕೊಡಬೇಕು. ಯೂರಿಯಾಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ಕೊಟ್ಟಿಗೆ ಗೊಬ್ಬರಕ್ಕೂ ಹಸಿರೆಲೆ ಗೊಬ್ಬರದ ಬೀಜಕ್ಕೂ ಬರಬೇಕು. ಬೇಸಿಗೆಯಲ್ಲಿ ಕೆರೆ ಗೋಡು ಮೊದಲು ಸಣ್ಣ ರೈತರ ಹೊಲ ಸೇರಬೇಕೇ ಹೊರತು ಇಟ್ಟಿಗೆ ಗೂಡುಗಳನ್ನಲ್ಲ.

ನಾಳೆಯ ನಂಬಿಕೆಯಿಲ್ಲದವನಿಂದ ನಾಳೆಗಾಗಿ ದುಡಿಮೆ ಕೇಳುವುದು ನ್ಯಾಯವಲ್ಲ. ಮಣ್ಣನ್ನು ಉಳಿಸಬೇಕೆನ್ನುವವರು ಮೊದಲು ಉಳುವವನನ್ನು ಅದರ ಮೇಲೆ ನಿಲ್ಲಗೊಡಲಿ.